ಹೆರಿಗೆ ಬ್ಯಾನಿಗೆ ಬಿಸಿನೀರು: ಕರೆಂಟಿನ ಚೀಲ, ರಬ್ಬರ್ ಚೀಲ, ತಂಬಿಗೆ

ಎರಡು ಹೆರಿಗೆಯಲ್ಲಿ ಮೂರನ್ನೂ ಬಳಸಿದ್ದೇನೆ. ನನಗೆ ಆಸರೆಯಾದದ್ದು ಒಂದು ಬಕೆಟ್ ಬಿಸಿನೀರು, ತಂಬಿಗೆ, ನಮ್ಮವ್ವ.

ಮೊದಲ ಸಲ ಧಾರವಾಡದ ಸುಭಾಸ ರಸ್ತೆಯಲ್ಲಿ ಕರೆಂಟಿನ ಜೆಲ್ ಚೀಲ ಕೊಂಡಿದ್ದೆ. ಮನೆಯಲ್ಲಿ ನಡನೋವಿಗೆ ಹಿತವಾಗಿತ್ತು. ಆಸ್ಪತ್ರೆಯಲ್ಲಿ ಕೈಕೊಟ್ಟಿತು. ಅದನ್ನು ಪ್ಲಗ್ಗಿಗೆ ಹಾಕಿ ಕಾಯಿಸಿ, ವೈರ್ ಬಿಚ್ಚಿದ ಮೇಲಷ್ಟೇ ಮೈಗೆ ಇಟ್ಟುಕೊಳ್ಳಬೇಕು. ವಾರ್ಡಿನಲ್ಲಿದ್ದ ಒಂದೇ ಪ್ಲಗ್ ಬಾಗಿಲ ಹತ್ತಿರ, ಅದರಲ್ಲೂ ಯಾರದೋ ಮೊಬೈಲ್. ತಂಗಿ ಅಲ್ಲಿ ನಿಂತು ಕಾಯಿಸಿ ತರುವಷ್ಟರಲ್ಲಿ ಎರಡು ಬ್ಯಾನಿ ಬಂದು ಹೋಗಿರುತ್ತಿದ್ದವು.

ನಡುರಾತ್ರಿ ಕರೆಂಟ್ ಹೋಯಿತು. ಜನರೇಟರ್ ಹಚ್ಚಿದರೂ ಆ ಪ್ಲಗ್ಗಿಗೆ ಕರೆಂಟ್ ಬರಲಿಲ್ಲ. ಬೆಳಗಿನ ಜಾವದವರೆಗೆ ಚೀಲ ತಣ್ಣಗೆ ದಿಂಬಿನ ಪಕ್ಕ ಬಿದ್ದಿತ್ತು, ತಂಗಿ ಬರಿಗೈಯಿಂದ ನನ್ನ ನಡ ತಿಕ್ಕುತ್ತ ಕೂತಿದ್ದಳು.

ರಬ್ಬರ್ ಚೀಲ ಅದಕ್ಕಿಂತ ಎಷ್ಟೋ ವಾಸಿ. ಕುದಿಯುವ ನೀರು ಬೇಡ. ಮೂರರಲ್ಲಿ ಎರಡು ಪಾಲು ತುಂಬಿ, ಗಾಳಿ ಹೊರಡಿಸಿ, ಟವೆಲ್ ಸುತ್ತಿ ಇಡಬೇಕು. ಎಪಿಡ್ಯೂರಲ್ (ಬ್ಯಾನಿ ಗೊತ್ತಾಗದಂತೆ ಬೆನ್ನಿಗೆ ಕೊಡುವ ಮದ್ದು) ಕೊಟ್ಟಿದ್ದರೆ ಮುಟ್ಟಲೇಬೇಡಿ, ಚರ್ಮ ಸುಟ್ಟರೂ ಗೊತ್ತಾಗದು.

ಎರಡನೇ ಹೆರಿಗೆ ಹುಬ್ಬಳ್ಳಿಯಲ್ಲಿ. ಡಾಕ್ಟರ್ ಮಗುವಿನ ಎದೆಬಡಿತ ನೋಡಿ, ಸ್ನಾನಕ್ಕೆ ಹೋಗಬಹುದು ಅಂದರು. ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು, ಗೋಡೆಗೆ ಎರಡೂ ಕೈ ಕೊಟ್ಟು ಬಗ್ಗಿದೆ. ಅವ್ವ ಕೂಸಿಗೆ ಎರೆಯುವಾಗ ಮಾಡುವಂತೆ ಮೊಣಕೈ ಅದ್ದಿ ನೀರಿನ ಹದ ನೋಡಿದಳು. ಆಮೇಲೆ ನಡದ ಮೇಲೆ ಸಣ್ಣಗೆ ಧಾರೆ ಬಿಟ್ಟಳು. "ಇನ್ನೊಂದೀಟು ಹಾಕ್ಲೇನವಾ?" ಬ್ಯಾನಿ ನಿಲ್ಲಲಿಲ್ಲ. ಆದರೆ ಕಿವಿವರೆಗೆ ಏರಿದ್ದ ಹೆಗಲು ಇಳಿದವು, ಬಿಗಿಹಿಡಿದ ಉಸಿರು ಸಡಿಲಾಯಿತು. 20 ನಿಮಿಷ ಏಳಲು ಮನಸ್ಸಾಗಲಿಲ್ಲ.

ಒಬ್ಬರೇ ಹೋಗುವಂತಿಲ್ಲ, ನೆಲ ಜಾರುತ್ತದೆ. ಕಾಲಡಿಗೆ ಹಳೆ ಟವೆಲ್ ಹಾಸಿಕೊಳ್ಳಿ.

ತೊಟ್ಟಿಯಲ್ಲಿ ಕೂರುವುದೂ ಉಂಟು. ಅದಕ್ಕೆ ಹೊಟ್ಟೆ ಮುಳುಗುವಷ್ಟು ನೀರು ಬೇಕು, ಶಾಖ 37.5 ಡಿಗ್ರಿ ಮೀರದಂತೆ ಕಾಯಬೇಕು, ಪಳಗಿದ ಸಿಬ್ಬಂದಿ ಇರಬೇಕು. ನಲ್ಲಿಗೆ ದಿನಗಟ್ಟಲೆ ಕಾಯುವ ನಮ್ಮ ಓಣಿಯವಳಾಗಿ ನಾನು ಅದರ ವಿಚಾರಕ್ಕೇ ಹೋಗಲಿಲ್ಲ.

ತಂಗಿಗೆ ಈಗ ಏಳು ತಿಂಗಳು. ದಾರಿಯಲ್ಲಿ ಬೇಕಾದೀತೆಂದು ಅವಳ ಬ್ಯಾಗಿಗೆ ರಬ್ಬರ್ ಚೀಲ ಹಾಕಿದ್ದೇನೆ. ಆಸ್ಪತ್ರೆ ಗೊತ್ತು ಮಾಡುವ ಮೊದಲು ಬಚ್ಚಲು ನೋಡಿ ಬಾ, ರಾತ್ರಿಯೂ ಬಿಸಿನೀರು ಬರುತ್ತದೋ ಕೇಳು ಅಂದಿದ್ದೇನೆ. ತಂಬಿಗೆಯನ್ನು ಅವ್ವ ಆಗಲೇ ತೊಳೆದಿಟ್ಟಿದ್ದಾಳೆ.