ಮಂಜೂರಾದ ಸ್ಕಾಲರ್‌ಶಿಪ್ ಕೈಗೆ ಬಾರದೆ ಹೋಗುವುದು ಹೀಗೆ

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರ ಹುಡುಗಿ, ಶಿವಮೊಗ್ಗದಲ್ಲಿ ಬಿಎಸ್ಸಿ ಎರಡನೇ ವರ್ಷ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣದಲ್ಲಿ, ಅರ್ಜಿ ಹಾಕಿದ್ದಳು, ಕಾಲೇಜಿನವರು ಪರಿಶೀಲಿಸಿದ್ದರು, ಇಲಾಖೆ ಮಂಜೂರು ಮಾಡಿತ್ತು. ಹಣ ಮಾತ್ರ ಬರಲಿಲ್ಲ. ಮನೆಯವರು ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದೇ ಮಾಡಿಸಿದ್ದು. ಕೊನೆಗೆ ಗೊತ್ತಾದದ್ದು ಇಷ್ಟು: ಪಿಯುಸಿಯಲ್ಲಿದ್ದಾಗ ಸಿಮ್ ಕೊಳ್ಳಲು ಹೋದ ಅಂಗಡಿಯಲ್ಲಿ ಬೆರಳೊತ್ತಿಸಿಕೊಂಡವರು ಅದರ ಜೊತೆಗೇ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೂ ತೆರೆದಿದ್ದರು. ಅವಳ ಆಧಾರ್ ಅಲ್ಲಿಗೆ ಜೋಡಣೆಯಾಗಿತ್ತು. ಸಿಮ್ ಬಿಟ್ಟು ಬಹಳ ಕಾಲವಾಗಿತ್ತು, ಖಾತೆಯೂ ನಿಂತುಹೋಗಿತ್ತು. ಹಣ ಅಲ್ಲಿಗೆ ಹೋಗಿ, ಜಮಾ ಆಗದೆ ಖಜಾನೆಗೆ ವಾಪಸಾಗಿತ್ತು. ಅಷ್ಟರಲ್ಲಿ ಮಾರ್ಚ್ ಕಳೆದು ಸರ್ಕಾರದ ಲೆಕ್ಕದ ವರ್ಷವೇ ಮುಗಿದಿತ್ತು. ಹಾಸ್ಟೆಲ್ ಸಿಗದೆ ರೂಮು ಮಾಡಿದ್ದವಳ ಬಾಡಿಗೆಗೆ ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ತರಬೇಕಾಯಿತು.

ಮಕ್ಕಳನ್ನು ಡಿಗ್ರಿಗೆ ಸೇರಿಸಿರುವ ಪ್ರತಿ ಮನೆಯವರೂ ಇದನ್ನು ತಿಳಿದಿರಬೇಕು. ‘ಅರ್ಜಿ ಹಾಕಿ ಆಯ್ತು’ ಎಂದು ನಿಶ್ಚಿಂತರಾದ ಮೇಲೆಯೇ ಹಣ ತಪ್ಪಿಹೋಗುವ ಜಾಗಗಳು ಶುರುವಾಗುತ್ತವೆ.

ಮೊದಲನೆಯದು ಬ್ಯಾಂಕು. ವಿದ್ಯಾರ್ಥಿವೇತನ ಹೋಗುವುದು ನೀವು ಕೊಟ್ಟ ಪಾಸ್‌ಬುಕ್ಕಿನ ಖಾತೆ ಸಂಖ್ಯೆಗಲ್ಲ, ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿನಲ್ಲಿದೆ ಎಂಬ ಪಟ್ಟಿ ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಬಳಿ ಇರುತ್ತದೆ. ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಜೋಡಿಸಿದ್ದು. ‘ನಿಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅದು ಕೆವೈಸಿಗೆ, ಅಂದರೆ ಬರೀ ಗುರುತಿನ ದಾಖಲೆಗೆಂದು ಕೊಟ್ಟ ಆಧಾರ್ ಇರಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಆಗಿದೆಯಾ?’ ಡಿಬಿಟಿ ಎಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು, ಸೀಡಿಂಗ್ ಎಂದರೆ ಆ ಪಟ್ಟಿಯಲ್ಲಿ ಆಧಾರ್ ಜೋಡಣೆ. ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಗೊಂದಲ ಆಗಿರುವುದು ಈ ಒಂದು ವ್ಯತ್ಯಾಸ ತಿಳಿಯದೆ.

ನೋಡಿಕೊಳ್ಳುವುದು ಸುಲಭ. ಮೈಆಧಾರ್ ಜಾಲತಾಣಕ್ಕೆ ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿ ಒಳಹೋದರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಇದೆ. ಬ್ಯಾಂಕಿನ ಹೆಸರು, ಜೋಡಿಸಿದ ದಿನಾಂಕ, ಸಕ್ರಿಯವಾಗಿದೆಯೋ ಇಲ್ಲವೋ ಎಲ್ಲ ಕಾಣುತ್ತದೆ. ಇದಕ್ಕೆ ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಇಲ್ಲದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಾಯಿಸಿ. ಬೇರೆ ಬ್ಯಾಂಕ್ ತೋರಿಸಿದರೆ, ನಿಮಗೆ ಬೇಕಾದ ಬ್ಯಾಂಕಿನ ಶಾಖೆಯಲ್ಲಿ ಸೀಡಿಂಗ್ ಒಪ್ಪಿಗೆ ಪತ್ರ ತುಂಬಿಕೊಡಿ. ಅದರಲ್ಲಿ ಆಧಾರ್ ಈಗಾಗಲೇ ಇನ್ನೊಂದು ಬ್ಯಾಂಕಿಗೆ ಜೋಡಣೆಯಾಗಿದೆ, ಅಲ್ಲಿಂದ ಇಲ್ಲಿಗೆ ಬದಲಾಯಿಸಿ ಎಂಬ ಆಯ್ಕೆ ಇರುತ್ತದೆ. ಅದಕ್ಕೆ ಗುರುತು ಹಾಕಿ ಹಳೆಯ ಬ್ಯಾಂಕಿನ ಹೆಸರು ಬರೆಯಬೇಕು. ಕೆಲವು ದಿನ ಬಿಟ್ಟು ಮತ್ತೆ ಸ್ಟೇಟಸ್ ನೋಡಿ. ಶಾಖೆಯಲ್ಲಿ ‘ಆಗುತ್ತೆ ಹೋಗಿ’ ಎಂದ ಮಾತನ್ನು ನೆಚ್ಚಿ ಕೂರಬೇಡಿ.

ಖಾತೆಯ ಬಗ್ಗೆ ಇನ್ನೂ ಕೆಲವು ವಿಷಯ ಇವೆ. ನಮ್ಮ ಕಡೆ ಮನೆಮನೆಯಲ್ಲೂ ಇರುವ ಸೊಸೈಟಿ ಖಾತೆಗೆ, ಅಂದರೆ ಊರಿನ ಸೇವಾ ಸಹಕಾರಿ ಸಂಘದ ಎಸ್‌ಬಿಗೆ, ಈ ಹಣ ಬರುವುದಿಲ್ಲ. ಬ್ಯಾಂಕ್ ಖಾತೆಯೇ ಬೇಕು, ಅದೂ ವಿದ್ಯಾರ್ಥಿಯ ಹೆಸರಿನಲ್ಲಿ. ಹೈಸ್ಕೂಲಿನಲ್ಲಿ ತೆರೆದ ಮೈನರ್ ಖಾತೆಯಾದರೆ 18 ತುಂಬಿದ ಮೇಲೆ ಹೊಸ ಸಹಿ, ಫೋಟೋ, ಕೆವೈಸಿ ಕೊಟ್ಟು ಮೇಜರ್ ಖಾತೆ ಮಾಡಿಸಬೇಕು. ಡಿಗ್ರಿ ಮೊದಲ ವರ್ಷದಲ್ಲಿ ಮಕ್ಕಳಿಗೆ 18 ತುಂಬುವುದರಿಂದ ಸರಿಯಾಗಿ ಸ್ಕಾಲರ್‌ಶಿಪ್ ಬರುವ ಹೊತ್ತಿಗೇ ಖಾತೆಯನ್ನು ಬ್ಯಾಂಕು ತಡೆಹಿಡಿದಿರಬಹುದು. ಎರಡು ವರ್ಷ ಯಾವ ವ್ಯವಹಾರವೂ ಇಲ್ಲದ ಖಾತೆ ನಿಷ್ಕ್ರಿಯವಾಗಬಹುದು. ಆಗಾಗ ನೂರು ರೂಪಾಯಿ ಹಾಕಿ ತೆಗೆಯುತ್ತಿರಿ. ಪೂರ್ತಿ ದಾಖಲೆ ಇಲ್ಲದೆ ತೆರೆದ ‘ಸ್ಮಾಲ್ ಅಕೌಂಟ್’ ಆಗಿದ್ದರೆ ಅದರಲ್ಲಿ 50,000 ರೂಪಾಯಿಗಿಂತ ಹೆಚ್ಚು ಉಳಿಸುವಂತಿಲ್ಲ, ವರ್ಷಕ್ಕೆ ಜಮೆ 1 ಲಕ್ಷ ಮೀರುವಂತಿಲ್ಲ. ಇಂಜಿನಿಯರಿಂಗ್, ನರ್ಸಿಂಗ್ ಫೀಸಿನ ಮೊತ್ತ ಇಂಥ ಖಾತೆಗೆ ಬಂದು ತಿರುಗಿಹೋಗುವ ಸಂಭವ ಇದೆ.

ಇನ್ನು ಹೆಸರಿನ ವಿಷಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಕಾಲೇಜು ದಾಖಲೆ ನಾಲ್ಕರಲ್ಲೂ ಹೆಸರು ಹೊಂದಬೇಕು. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ನಾಡಕಚೇರಿಯ ಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರು. ತಿದ್ದಿಸುವುದಾದರೆ ಅಂಕಪಟ್ಟಿಯನ್ನು ಮುಟ್ಟಲು ಹೋಗಬೇಡಿ, ಅದು ದೊಡ್ಡ ಕೆಲಸ. ಉಳಿದವುಗಳನ್ನು ಅಂಕಪಟ್ಟಿಗೆ ಸರಿಯಾಗಿ ತನ್ನಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಆದ್ದರಿಂದ ಅಂಕಪಟ್ಟಿ ಎದುರಿಗಿಟ್ಟುಕೊಂಡು, ಅಕ್ಷರ, ಚುಕ್ಕೆ, ನಡುವಿನ ಜಾಗ ಎಲ್ಲ ನೋಡಿ ಒಂದೇ ಸಲಕ್ಕೆ ಸರಿಮಾಡಿಸಿ. ಅರ್ಜಿ ಹಾಕಿದ ಮೇಲೆ, ಹಣ ಬರುವ ಮೊದಲು ಆಧಾರ್ ಹೆಸರನ್ನು ಬದಲಾಯಿಸಬೇಡಿ. 15 ತುಂಬಿದ ಮೇಲೆ ಬೆರಳಚ್ಚು, ಕಣ್ಣು, ಫೋಟೋ ಅಪ್‌ಡೇಟ್ ಮಾಡಿಸುವುದು ಕಡ್ಡಾಯ. ಅದನ್ನು ಬಿಟ್ಟವರಿಗೆ ಬೆರಳು, ಮುಖದ ದೃಢೀಕರಣ ಹಿಡಿಯದೆ ಹೋಗಬಹುದು.

ಜಾತಿ ಮತ್ತು ಆದಾಯ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಅರ್ಜಿಗೆ ಬೇಕು. ಆದಾಯ ಪತ್ರದ ಆಯುಸ್ಸು ಐದು ವರ್ಷ. ಹತ್ತನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿಯ ನಡುವೆ ಮುಗಿಯುತ್ತದೆ, ಯಾರೂ ಗಮನಿಸಿರುವುದಿಲ್ಲ. ಅರ್ಜಿ ಕರೆದ ಮೇಲೆ ನಾಡಕಚೇರಿಗೆ ಓಡಿದರೆ ಗ್ರಾಮ ಆಡಳಿತ ಅಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಸಹಿ ಎಂದು ವಾರಗಳೇ ಹೋಗುತ್ತವೆ. ಮಳೆ ಜೋರಾದ ಜುಲೈ, ಆಗಸ್ಟ್‌ನಲ್ಲಿ ಕರೆಂಟು, ಟವರ್ ಇರುವುದೇ ಕಷ್ಟ. ಆಗುಂಬೆ, ನಗರ, ಕಾರ್ಗಲ್ ಕಡೆಯವರು ಈ ಪತ್ರವನ್ನು ಮೇ ತಿಂಗಳಲ್ಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಅರ್ಜಿಯನ್ನು ಸೈಬರ್‌ನಲ್ಲಿ ತುಂಬಿಸಿದರೆ ತಪ್ಪೇನಿಲ್ಲ. ಆದರೆ ಮೊಬೈಲ್ ನಂಬರ್ ವಿದ್ಯಾರ್ಥಿಯದ್ದೇ ಇರಲಿ. ಸೈಬರ್‌ನವರು ಬೇಗ ಮುಗಿಯಲಿ ಎಂದು ತಮ್ಮ ನಂಬರ್ ಹಾಕಿಬಿಟ್ಟರೆ ಮುಂದಿನ ಒಟಿಪಿ, ‘ಅರ್ಜಿ ವಾಪಸಾಗಿದೆ’ ಎಂಬ ಮೆಸೇಜು ಎಲ್ಲ ಅವರಿಗೇ. ಬಳಕೆದಾರ ಐಡಿ, ಪಾಸ್‌ವರ್ಡ್ ಎರಡನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಂಡೇ ಎದ್ದು ಬನ್ನಿ. ಉಳಿಸಿದ ಕರಡನ್ನು ಪ್ರಿಂಟ್ ತೆಗೆದುಕೊಟ್ಟು ‘ಆಯ್ತು’ ಎಂದು ಕಳಿಸಿದ ಉದಾಹರಣೆಗಳೂ ಇವೆ. ಅಂತಿಮವಾಗಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಇದೆಯೇ, ಅದರಲ್ಲಿ ಅರ್ಜಿ ಸಂಖ್ಯೆ ಇದೆಯೇ ನೋಡಿ.

ಕಾಲೇಜು ಆಯ್ಕೆಯಲ್ಲೂ ಎಡವುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಎಂಬ ಹೆಸರಿನವು ಜಿಲ್ಲೆಯಲ್ಲೇ ಹಲವು. ಎನ್‌ಎಸ್‌ಪಿಯಲ್ಲಿ, ಅಂದರೆ ಕೇಂದ್ರದ ವಿದ್ಯಾರ್ಥಿವೇತನ ಜಾಲತಾಣದಲ್ಲಿ, ಬೇರೆ ಕಾಲೇಜು ಆರಿಸಿದರೆ ಅರ್ಜಿ ಆ ಕಾಲೇಜಿನ ಲಾಗಿನ್‌ನಲ್ಲಿ ಬಿದ್ದಿರುತ್ತದೆ, ನಿಮ್ಮ ಕಾಲೇಜಿಗೆ ಕಾಣುವುದೇ ಇಲ್ಲ. ಹೆಸರು ನೋಡಿ ಆರಿಸಬೇಡಿ, ಪ್ರತಿ ಕಾಲೇಜಿಗೂ ಬೇರೆಯಾಗಿರುವ ಎಐಎಸ್‌ಎಚ್‌ಇ ಕೋಡ್ ಕೇಳಿ ತಾಳೆ ನೋಡಿ. ವಿದ್ಯಾರ್ಥಿಗೆ ಒಂದು ಕೊನೆಯ ದಿನಾಂಕ, ಕಾಲೇಜು ಪರಿಶೀಲಿಸಲು ಇನ್ನೊಂದು. ನೀವು ಸಮಯಕ್ಕೆ ಸಲ್ಲಿಸಿ, ಕಾಲೇಜಿನ ನೋಡಲ್ ಅಧಿಕಾರಿ ಮುಂದೆ ಕಳಿಸದಿದ್ದರೆ ಅರ್ಜಿ ಅಲ್ಲೇ ಸತ್ತಂತೆ. ಎರಡನೇ ದಿನಾಂಕಕ್ಕೆ ಒಂದು ವಾರ ಮೊದಲೇ ಕಚೇರಿಗೆ ಹೋಗಿ, ‘ಸರ್, ನನ್ನ ಅರ್ಜಿ ನಿಮ್ಮ ಲಾಗಿನ್‌ನಿಂದ ಹೋಗಿದೆಯಾ?’ ಎಂದು ಕೇಳಲು ಸಂಕೋಚ ಬೇಡ. ನೂರಾರು ಅರ್ಜಿ ನೋಡುವ ಗುಮಾಸ್ತರಿಗೂ ಇದು ನೆನಪಿಸಿದಂತಾಗುತ್ತದೆ. ಎನ್‌ಎಸ್‌ಪಿಯಲ್ಲಿ ‘ಡಿಫೆಕ್ಟಿವ್’ ಎಂದು ಬಂದರೆ ಗಾಬರಿ ಬೇಡ, ತಿದ್ದಿ ಮತ್ತೆ ಕಳಿಸಬಹುದು, ಆದರೆ ಗಡುವಿನ ಒಳಗೆ. ‘ರಿಜೆಕ್ಟೆಡ್’ ಆದರೆ ಆ ವರ್ಷ ಮುಗಿಯಿತು.

ಎಸ್‌ಎಸ್‌ಪಿಯಲ್ಲಿ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಕೇಳುತ್ತದೆ. ಕುವೆಂಪು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಅದು ಯುಯುಸಿಎಂಎಸ್‌ನಿಂದ, ಅಂದರೆ ಪ್ರವೇಶ, ಪರೀಕ್ಷೆಯ ದಾಖಲೆ ಇಡುವ ರಾಜ್ಯದ ವಿಶ್ವವಿದ್ಯಾಲಯಗಳ ಜಾಲತಾಣದಿಂದ ಬರುವಂಥದ್ದು. ಅಲ್ಲಿ ಹೆಸರು, ಕೋರ್ಸು ತಪ್ಪಿದ್ದರೆ ಇಲ್ಲೂ ತಪ್ಪು. ಸೇರಿದ ಮೊದಲ ತಿಂಗಳಲ್ಲೇ ಅದನ್ನು ತೆರೆದು ನೋಡಿ.

ಒಂದಕ್ಕಿಂತ ಹೆಚ್ಚು ಕಡೆ ಅರ್ಜಿ ಹಾಕಿದರೆ ಹೆಚ್ಚು ಹಣ ಸಿಗುತ್ತದೆ ಎಂಬ ನಂಬಿಕೆ ಅಪಾಯಕಾರಿ. ಕಾಲೇಜು, ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗಿರುವ ಕೇಂದ್ರ ವಲಯದ ವಿದ್ಯಾರ್ಥಿವೇತನ ಪಿಯುಸಿಯಲ್ಲಿ ತಮ್ಮ ವಿಭಾಗದ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದವರಿಗೆ, ಅಂದರೆ ಅಂಕದಲ್ಲಿ ನೂರಕ್ಕೆ ಮೊದಲ ಇಪ್ಪತ್ತರೊಳಗೆ ಬಂದವರಿಗೆ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ದಾಟಿರಬಾರದು. ಪದವಿಯ ಮೊದಲ ಮೂರು ವರ್ಷ ತಲಾ 12,000 ರೂಪಾಯಿ, ಸ್ನಾತಕೋತ್ತರದಲ್ಲಿ ತಲಾ 20,000. ಆದರೆ ಇದನ್ನು ಪಡೆಯುವವರು ರಾಜ್ಯದ್ದೂ ಸೇರಿ ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ದೂರಶಿಕ್ಷಣ, ಡಿಪ್ಲೊಮಾಗೂ ಇದು ಇಲ್ಲ. ಶುಲ್ಕ ವಿನಾಯಿತಿ ಸೇರಿಸಿ ಯಾವುದರಲ್ಲಿ ಮನೆಗೆ ಹೆಚ್ಚು ಅನುಕೂಲ ಎಂದು ಮೊದಲೇ ಲೆಕ್ಕ ಹಾಕಿ ಒಂದನ್ನು ಆರಿಸಿ. ಹಾಗೆಯೇ ವಿದ್ಯಾಸಿರಿ ಇರುವುದು ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆ. ನಡುವರ್ಷದಲ್ಲಿ ಹಾಸ್ಟೆಲ್ ಸೀಟು ಸಿಕ್ಕಿದರೆ ಇಲಾಖೆಗೆ ಬರೆದು ತಿಳಿಸಿ.

ಸಿಕ್ಕ ಸಹಾಯ ತಪ್ಪಿಹೋಗುವುದು ಹೆಚ್ಚಾಗಿ ಎರಡನೇ ವರ್ಷದಲ್ಲಿ. ತಾನಾಗಿ ಮುಂದುವರಿಯುವುದಿಲ್ಲ, ಪ್ರತಿ ವರ್ಷವೂ ಅರ್ಜಿ ಹಾಕಲೇಬೇಕು. ಎನ್‌ಎಸ್‌ಪಿಯಲ್ಲಿ ‘ರಿನ್ಯೂವಲ್’ ಬಿಟ್ಟು ‘ಫ್ರೆಶ್’ ಒತ್ತಿದವರದ್ದು ತಿರಸ್ಕಾರವಾಗುತ್ತದೆ. ಮೇಲೆ ಹೇಳಿದ ಕೇಂದ್ರದ ಯೋಜನೆಯ ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಅಡಿಕೆ ಕೊಯ್ಲಿನ ತಿಂಗಳಲ್ಲಿ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವವರು ಈ ಹಾಜರಾತಿಯನ್ನು ದಯವಿಟ್ಟು ನೆನಪಿಡಿ. ನಾಲ್ಕು ಆಳಿನ ಕೂಲಿ ಉಳಿಸಲು ಹೋಗಿ ವರ್ಷದ ಹಣ ಕಳೆದುಕೊಳ್ಳಬೇಕಾಗುತ್ತದೆ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಪೋಷಕರು ಗಮನಿಸಿ. ಆದಾಯ ಮಿತಿ 2.5 ಲಕ್ಷ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ, ಅದರಲ್ಲಿ ಕಾಲೇಜಿನ ಶುಲ್ಕವೂ ಸೇರಿರುತ್ತದೆ. ಎರಡೂ ಪಾಲು ಒಂದೇ ದಿನ ಬರುವುದಿಲ್ಲ. ಬಂದದ್ದೆಲ್ಲ ಕೈಖರ್ಚಿನ ಹಣ ಎಂದುಕೊಂಡು ಖರ್ಚಾದರೆ ಕಾಲೇಜಿನಲ್ಲಿ ಬಾಕಿ ಉಳಿದು, ಟಿಸಿ, ಅಂಕಪಟ್ಟಿ ಕೇಳುವಾಗ ಕಷ್ಟವಾಗುತ್ತದೆ. ಬಂದ ವಾರದಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.

‘ನಿಮ್ಮ ಸ್ಕಾಲರ್‌ಶಿಪ್ ಮಂಜೂರಾಗಿದೆ, ಪ್ರೊಸೆಸಿಂಗ್ ಶುಲ್ಕ ಕಟ್ಟಿ, ಒಟಿಪಿ ಹೇಳಿ’ ಎಂಬ ಕರೆಗಳು ಎಲ್ಲ ಮೋಸ. ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡು ಜಾಲತಾಣಗಳಲ್ಲೂ ಅರ್ಜಿಗೆ ಶುಲ್ಕವೇ ಇಲ್ಲ.

ಹಣ ಈಗಾಗಲೇ ವಾಪಸಾಗಿದ್ದರೆ ಕೈಚೆಲ್ಲಬೇಡಿ. ಮೊದಲು ಸೀಡಿಂಗ್ ಸರಿಮಾಡಿಸಿ ಅದರ ಪ್ರಿಂಟ್ ತೆಗೆಯಿರಿ. ಆಮೇಲೆ ನಿಮ್ಮ ತಾಲ್ಲೂಕಿನ ಸಂಬಂಧಪಟ್ಟ ಕಲ್ಯಾಣ ಇಲಾಖೆ ಕಚೇರಿಗೆ ಅರ್ಜಿ ಬರೆಯಿರಿ: ಎಸ್‌ಎಸ್‌ಪಿ ಐಡಿ, ಶೈಕ್ಷಣಿಕ ವರ್ಷ, ಮಂಜೂರಾದ ಮೊತ್ತ, ಹಣ ವಾಪಸಾಗಿದೆ ಎಂದು ತೋರಿಸುವ ಸ್ಟೇಟಸ್ ಪುಟ, ಹೊಸ ಸೀಡಿಂಗ್ ಪ್ರಿಂಟ್, ಮರುಪಾವತಿಗೆ ಕೋರಿಕೆ. ಬಾಯಲ್ಲಿ ಹೇಳಿ ಬಂದರೆ ಮೇಜು ಬದಲಾದಾಗ ಮರೆತುಹೋಗುತ್ತದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಎನ್‌ಎಸ್‌ಪಿಯದ್ದಾದರೆ ಸಹಾಯವಾಣಿ 0120-6619540. ಕರೆ ಮಾಡುವಾಗ ಅರ್ಜಿ ಸಂಖ್ಯೆ ಕೈಯಲ್ಲಿರಲಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಅದೇ ಸ್ವೀಕೃತಿಯ ಹಿಂದೆ ಬರೆದಿಡಿ. ಮಾರ್ಚ್ ಒಳಗೆ ಈ ಪತ್ರ ಕಚೇರಿಯಲ್ಲಿದ್ದರೆ ಅದೇ ವರ್ಷದ ಬಿಲ್ಲಿನಲ್ಲಿ ಸೇರುವ ಸಾಧ್ಯತೆ ಹೆಚ್ಚು.