ಮಂಡಕಳ್ಳಿಯಿಂದ ಅಮೆರಿಕಕ್ಕೆ ಗೆರೆ ಎಳೆಯುವ ವೆಬ್‌ಸೈಟು

ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ, ಹಾರಾಟದ ಸಮಯ ಎರಡನ್ನೂ ಹೇಳುವ ವೆಬ್‌ಸೈಟುಗಳು ಬೇಕಾದಷ್ಟಿವೆ. ಅಮ್ಮನನ್ನು ಅಕ್ಕನ ಮನೆಗೆ ಕಳಿಸಬೇಕು, "ಎಷ್ಟೊತ್ತು ಕೂತಿರ್ಬೇಕಪ್ಪಾ?" ಅನ್ನೋದೊಂದೇ ಅಮ್ಮನ ಪ್ರಶ್ನೆ. ಅದಕ್ಕೇ ಅಂಥದ್ದೊಂದು ಸೈಟಿನಲ್ಲಿ ಮೈಸೂರು, ಸ್ಯಾನ್ ಫ್ರಾನ್ಸಿಸ್ಕೊ ಅಂತ ಹಾಕಿದೆ. ತಕ್ಷಣ ಉತ್ತರ ಬಂತು: ಸುಮಾರು 14,000 ಕಿ.ಮೀ., 17 ಗಂಟೆ ಚಿಲ್ಲರೆ. ಜೊತೆಗೆ ಮೈಸೂರಿನ ವಿಮಾನ ನಿಲ್ದಾಣ ಇರೋ ಮಂಡಕಳ್ಳಿಯಿಂದ ಹೊರಟ ಒಂದು ಕೆಂಪು ಗೆರೆ.

ಮಂಡಕಳ್ಳಿಯ ರನ್‌ವೇ ಇರೋದೇ 1,740 ಮೀಟರ್. ಎಟಿಆರ್ ಥರದ ಸಣ್ಣ ವಿಮಾನ ಇಳಿಯುತ್ತೆ, ಸರಿ. ಅಮೆರಿಕಕ್ಕಾಗುವಷ್ಟು ಇಂಧನ ತುಂಬಿಕೊಂಡ ಬೋಯಿಂಗ್ 777 ಅಲ್ಲಿಂದ ಏಳೋ ಮಾತೇ ಇಲ್ಲ. ವಿಮಾನ ನಿಲ್ದಾಣವೇ ಇಲ್ಲದ 'ಮಂಡ್ಯ' ಅಂತ ಹಾಕಿದರೂ ಪುಣ್ಯಾತ್ಮರು ಗೆರೆ ಎಳೆದುಕೊಡುತ್ತಾರೆ!

ದೂರದ ಲೆಕ್ಕದಲ್ಲಿ ತಪ್ಪಿಲ್ಲ. ಭೂಮಿ ದುಂಡಗಿದೆ, ಹಾಗಾಗಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದಲೇ ಹಾಯುತ್ತೆ, ಅದನ್ನೇ ಅಳೆದಿದ್ದಾರೆ. ಎಡವಟ್ಟಾಗಿರೋದು ಸಮಯದಲ್ಲಿ. ಆ ದೂರವನ್ನು ಯಾವುದೋ ಒಂದು ವೇಗದಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ ಕೈತೊಳೆದುಕೊಂಡಿದ್ದಾರೆ. ಹೋಗೋಕೂ ಬರೋಕೂ ಅದೇ ಲೆಕ್ಕ. ಮೇಲೆ ಗಾಳಿ ಅಂತ ಒಂದಿದೆ ಅಲ್ವಾ? ಜೆಟ್ ಸ್ಟ್ರೀಮ್ ಅನ್ನೋ ಆ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ, ಅದು ಹಿಂದಿನಿಂದ ತಳ್ಳುತ್ತೆ ಅಂದ್ರೆ ಸುತ್ತಿನ ದಾರಿಯಾದರೂ ಪೈಲಟ್‌ಗಳು ಅದನ್ನೇ ಹಿಡಿಯುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿತಲ್ಲ, ಕಾಕ್‌ಪಿಟ್‌ನಲ್ಲಿ ಬರೀ ಮಹಿಳೆಯರೇ ಇದ್ದದ್ದು, ಅದು ಧ್ರುವದ ಮೇಲೆ ಹಾದು ಬಂದದ್ದು ಸುಮಾರು 16,000 ಕಿ.ಮೀ. ಅಂತ ಆಗ ಪೇಪರ್‌ನಲ್ಲಿ ಬಂದಿತ್ತು. ಗೆರೆಗಿಂತ ಎರಡು ಸಾವಿರ ಜಾಸ್ತಿ!

ದುಬೈ ಮೇಲೆ ಹೋದರೆ? ಬೆಂಗಳೂರಿಂದ ದುಬೈ ಸುಮಾರು 2,700 ಕಿ.ಮೀ., ಅಲ್ಲಿಂದ ಮುಂದೆ 13,000. ಕಿಲೋಮೀಟರ್ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಇಲ್ಲ. ಆದರೆ ನಾಲ್ಕು ಗಂಟೆ, ಆಮೇಲೆ ಹದಿನಾರು ಗಂಟೆ, ನಡುವೆ ದುಬೈನಲ್ಲಿ ಸುಮ್ನೆ ಕೂರೋದು. ಇದಕ್ಕೂ ಮುಂಚೆ ಮೈಸೂರಿಂದ ಫ್ಲೈಬಸ್‌ನಲ್ಲಿ ದೇವನಹಳ್ಳಿಯ ಬೆಂಗಳೂರು ಏರ್‌ಪೋರ್ಟಿಗೆ ನಾಲ್ಕು ಗಂಟೆಗೂ ಜಾಸ್ತಿ, ಮೂರು ಗಂಟೆ ಮೊದಲೇ ಕೌಂಟರ್ ಮುಂದೆ ಇರಬೇಕು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮದ್ದೂರು, ರಾಮನಗರ ಎಲ್ಲಾ ಕಣ್ಮುಚ್ಚಿ ಬಿಡೋದರಲ್ಲಿ ದಾಟಿಹೋಗುತ್ತೆ ನಿಜ, ಉಳಿಸಿದ ಹೊತ್ತನ್ನೆಲ್ಲಾ ಬೆಂಗಳೂರಿನ ಒಳಗೆ ಕಕ್ಕಬೇಕು. ಎಲ್ಲಾ ಸೇರಿಸಿ ಅಮ್ಮನಿಗೆ "ಒಂದೂವರೆ ದಿನ ಅಂತಿಟ್ಕೋ" ಅಂದೆ.

ಸೈಟಿಗೆ ಐದಕ್ಕೆ ಎರಡು ಸ್ಟಾರ್, ಎರಡೂ ದೂರಕ್ಕೆ. ಸಮಯ ಬೇಕಿದ್ದರೆ ವಿಮಾನಗಳ ಜಾಡು ತೋರಿಸೋ ಫ್ಲೈಟ್‌ರಾಡಾರ್24ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ. ಹಿಂದಿನ ದಿನಗಳಲ್ಲಿ ಅದೇ ವಿಮಾನ ಎಷ್ಟಕ್ಕೆ ಹೊರಟಿತ್ತು, ಎಷ್ಟಕ್ಕೆ ಇಳಿದಿತ್ತು ಅಂತ ಪಟ್ಟಿ ಸಿಗುತ್ತೆ. ಟಿಕೆಟ್‌ನಲ್ಲಿರೋದು ಆಯಾ ಊರಿನ ಸಮಯ ಅನ್ನೋದು ನೆನಪಿರಲಿ, ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ.