ಆಂಪ್ ಹಳೆಯದು, ಸಬ್ ಹೊಸದು: ಮೂರು ಮಳೆಗಾಲ ಕಳೆದ ಮೇಲೆ

ನನ್ನ ಹತ್ತಿರ ಹಳೇ ಸ್ವಿಫ್ಟ್ ಉಂಟು. ವಾರಕ್ಕೆ ಐದು ದಿನ ಸುರತ್ಕಲ್‌ನಿಂದ ಉಡುಪಿಗೆ ಹೋಗಿ ಬರುತ್ತೇನೆ. ದಿನಕ್ಕೆ ಎರಡು ಗಂಟೆ ಕಾರಲ್ಲೇ ಹೋಗುತ್ತದೆ, ಹಾಗಾಗಿ ಹಾಡು ಕೇಳುವುದು ನನಗೆ ಶೋಕಿ ಅಲ್ಲ, ಹೆಚ್ಚು ಕಡಿಮೆ ಊಟ ಇದ್ದ ಹಾಗೆ. ಈಗಿನ ಸಬ್‌ವೂಫರ್ (ಬಾಸ್ ಮಾತ್ರ ನುಡಿಸುವ ದೊಡ್ಡ ಸ್ಪೀಕರ್, ನಮ್ಮ ಬಾಯಲ್ಲಿ ಸಬ್) ಹಾಕಿಸಿದ್ದು 2022ರ ಅಕ್ಟೋಬರಲ್ಲಿ, ದಸರಾ ಗೌಜಿ ಮುಗಿದ ವಾರ. ಮೂರು ಮಳೆಗಾಲ ನೋಡಿದೆ. ಈಗ ಬರೆಯಬಹುದು ಅನಿಸಿತು.

ಸಬ್ ಇಷ್ಟು: 12 ಇಂಚು, ಎರಡು ವಾಯ್ಸ್ ಕಾಯಿಲ್ (ಕೋನನ್ನು ಕುಣಿಸುವ ತಂತಿ ಸುರುಳಿ), ಒಂದೊಂದರ ತಡೆ 4 ಓಮ್, ಆರ್‌ಎಂಎಸ್ (ಬಿಡದೆ ತಡೆಯುವ ಪವರ್) 500 ವ್ಯಾಟ್, ಪ್ಲಾಸ್ಟಿಕ್ ಕೋನ್, ಅಂಚಿಗೆ ರಬ್ಬರ್. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಇದೇ ಲೆಕ್ಕದ ಸಬ್ ನಾಲ್ಕೈದು ಕಂಪನಿಯವರಲ್ಲಿ ಸಿಗುತ್ತದೆ. ನಾನು ಹೇಳಲಿಕ್ಕಿರುವುದು ಆ ಲೆಕ್ಕದ ಬಗ್ಗೆ, ಯಾಕೆಂದರೆ ಮೊದಲ ಸಲ ಅದನ್ನು ನೋಡದೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ.

ಆಂಪ್, ಅಂದರೆ ಸಬ್ಬಿಗೆ ಪವರ್ ಕೊಡುವ ಆಂಪ್ಲಿಫೈಯರ್, ಹಿಂದಿನ ಕಾರಿನದ್ದು. ಕಾರು ಮಾರುವಾಗ ಬಿಚ್ಚಿ ಇಟ್ಟುಕೊಂಡಿದ್ದೆ. ಕ್ಲಾಸ್ ಡಿ ಮೊನೊ (ಒಂದೇ ಚಾನೆಲಿನ) ಆಂಪ್, 4 ಓಮಿಗೆ 300 ವ್ಯಾಟ್, 2 ಓಮಿಗೆ 500 ವ್ಯಾಟ್. ಅದಕ್ಕಿಂತ ಕೆಳಗೆ ಇಳಿಯಬೇಡಿ ಅಂತ ಅದರ ಅಡಿಯಲ್ಲೇ ಬರೆದಿದೆ. ಅದನ್ನು ನಾನು ಓದಿಯೇ ಇರಲಿಲ್ಲ ಮಾರಾಯ್ರೆ. ಅಂಗಡಿಗೆ ಹೋಗಿ ‘12 ಇಂಚಿಂದು ಒಳ್ಳೇ ಸಬ್ ಕೊಡಿ’ ಅಂದೆ. ಅವನು ತಂದು ಇಟ್ಟದ್ದರ ಪೆಟ್ಟಿಗೆ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ 1400 ವ್ಯಾಟ್ ಅಂತ ಇತ್ತು. ನನ್ನ ಆಂಪಿಗೆ ಆಗುತ್ತದಾ ಅಂತ ಕೇಳಿದ್ದಕ್ಕೆ ‘ದಾಲ ಆಪುಜಿ (ಏನೂ ಆಗುವುದಿಲ್ಲ) ಅಣ್ಣಾ, ಎಲ್ಲ ಆಂಪಿಗೂ ಕೂರ್ತದೆ’ ಎಂದ.

ಕೂತಿತು. ಆದರೆ ಅದು 2 ಓಮಿನ ಎರಡು ಕಾಯಿಲ್ ಇದ್ದ ಸಬ್. ಅವರು ಎರಡನ್ನೂ ಪ್ಯಾರಲಲ್ (ಪಕ್ಕಪಕ್ಕ) ಮಾಡಿ ಜೋಡಿಸಿದ್ದರು, ಅಂದರೆ ಆಂಪಿಗೆ ಕಾಣುವುದು 1 ಓಮ್. ಓಮ್ ಕಡಿಮೆ ಆದಷ್ಟು ಆಂಪಿಗೆ ಭಾರ ಜಾಸ್ತಿ. ಸಣ್ಣ ಸೌಂಡಲ್ಲಿ ಏನೂ ಗೊತ್ತಾಗಲಿಲ್ಲ. ನಂತೂರು ದಾಟಿ ಸ್ವಲ್ಪ ಜಾಸ್ತಿ ಮಾಡಿದೆ ನೋಡಿ, ಬಾಸ್ ಪಟ್ ಅಂತ ನಿಂತುಹೋಯಿತು. ಡಿಕ್ಕಿ ತೆಗೆದು ನೋಡಿದರೆ ಆಂಪಲ್ಲಿ ಕೆಂಪು ದೀಪ, ಪ್ರೊಟೆಕ್ಟ್, ಅಂದರೆ ಹಾಳಾಗದ ಹಾಗೆ ತಾನೇ ಬಂದ್ ಆಗಿದೆ. ಆಫ್ ಮಾಡಿ ಆನ್ ಮಾಡಿದರೆ ಸರಿ, ಎರಡು ಹಾಡಾದ ಮೇಲೆ ಮತ್ತೆ ಅದೇ. ಮೂರು ಸಲ ಅಂಗಡಿಗೆ ಹೋದೆ. ಮೂರು ಸಲವೂ ಆಂಪ್ ಹಾಳಾಗಿದೆ, ಹೊಸದು ತಗೊಳ್ಳಿ ಅಂದರು. ಕೊನೆಗೆ ಬಾವ ಬಂದು ಮಲ್ಟಿಮೀಟರ್ ಇಟ್ಟರು. ಅವರು ಎಲೆಕ್ಟ್ರಿಷಿಯನ್. ಮೀಟರ್ 0.9 ತೋರಿಸಿತು. ‘ನಿನ್ನ ಆಂಪ್ ಹಾಳಾಗಿಲ್ಲ ಮಾರಾಯ, ಅದು ಜೀವ ಉಳಿಸಿಕೊಳ್ತಾ ಉಂಟು’ ಅಂದರು.

ಎರಡೂ ಕಾಯಿಲನ್ನು ಸೀರೀಸ್ (ಒಂದರ ಹಿಂದೆ ಒಂದು) ಮಾಡಿದ ಮೇಲೆ 4 ಓಮ್ ಆಯಿತು, ಕೆಂಪು ದೀಪ ಮತ್ತೆ ಬರಲಿಲ್ಲ. 300 ವ್ಯಾಟ್ ಮಾತ್ರ ಸಿಗುತ್ತದೆ, ಇರಲಿ. ನಿಜ ಹೇಳಬೇಕೆಂದರೆ 300ಕ್ಕೂ 500ಕ್ಕೂ ಇರುವುದು ಬರೀ 2 ಡೆಸಿಬಲ್ ಚಿಲ್ಲರೆ. ಕಿವಿಗೆ ಗೊತ್ತಾಗುತ್ತದೆ, ಆದರೆ ‘ಡಬಲ್ ಆಯ್ತು’ ಅನ್ನುವಷ್ಟಲ್ಲ. ಅಲ್ಲಿಗೇ ಸುಮ್ಮನಿದ್ದಿದ್ದರೆ ಆ ಸಬ್ ಇವತ್ತೂ ಇರುತ್ತಿತ್ತು. ನಾನು ಸುಮ್ಮನಿರಬೇಕಲ್ಲ. ಕಡಿಮೆ ಆಯಿತು ಅಂತ ಗೇನ್ (ಸ್ಟೀರಿಯೊದ ಸಿಗ್ನಲಿಗೆ ಆಂಪನ್ನು ಹೊಂದಿಸುವ ಗುಂಡಿ) ಪೂರ್ತಿ ತಿರುಗಿಸಿದೆ, ಸ್ಟೀರಿಯೊದಲ್ಲಿ ಬಾಸ್ ಬೂಸ್ಟನ್ನೂ ಹಾಕಿದೆ. ಒಂದು ದಿನ ಪಡುಬಿದ್ರಿ ಹತ್ತಿರ ಸುಟ್ಟ ವಾರ್ನಿಷ್ ವಾಸನೆ. ಮೊದಲು ಎದುರಿನ ಲಾರಿಯದ್ದು ಅಂದುಕೊಂಡೆ. ಕೋನನ್ನು ಕೈಯಲ್ಲಿ ಮೆಲ್ಲ ಒತ್ತಿದರೆ ಕರಕರ ಅನ್ನುತ್ತಿತ್ತು. ಒಂದು ಕಾಯಿಲ್ ಕಡಿದುಹೋಗಿತ್ತು. ಸೀರೀಸ್ ಆದ ಕಾರಣ ಒಂದು ಹೋದರೆ ಎರಡೂ ಹೋದ ಹಾಗೆ.

ಇಲ್ಲಿ ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ, ಇದು ನನ್ನದೇ ಕೆಲಸ. ಕಡಿಮೆ ವ್ಯಾಟಿನ ಆಂಪ್ ಹಾಕಿದರೆ ಸಬ್ ಸುಡುತ್ತದೆ ಅಂತ ಹೇಳುವವರು ತುಂಬಾ ಜನ ಇದ್ದಾರೆ. ಕಡಿಮೆ ಪವರ್ ಕೊಟ್ಟರೆ ಯಾವ ಸಬ್ಬೂ ಸುಡುವುದಿಲ್ಲ, ಸಣ್ಣಗೆ ಕೇಳುತ್ತದೆ ಅಷ್ಟೇ. ಆದರೆ ಆಂಪಿನ ತಾಕತ್ತಿಗಿಂತ ಜಾಸ್ತಿ ಎಳೆದರೆ ಅದು ಕ್ಲಿಪ್ ಆಗುತ್ತದೆ. ಸಿಗ್ನಲಿನ ಅಲೆಯ ತಲೆ ಕತ್ತರಿಸಿದ ಹಾಗೆ ಬೋಳಾಗುತ್ತದೆ, ಕಾಯಿಲಿಗೆ ಬೀಳುವ ಸರಾಸರಿ ಪವರ್ ಬರೆದದ್ದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ, ಕಾಯಿಲ್ ಬಿಸಿಯಾಗುತ್ತಲೇ ಇರುತ್ತದೆ. ಗೇನ್ ಅನ್ನುವುದು ವಾಲ್ಯೂಮ್ ಅಲ್ಲ. ಇದು ತಲೆಗೆ ಹೋಗಲಿಕ್ಕೆ ನನಗೆ ಒಂದು ಸಬ್ ಬೇಕಾಯಿತು.

ಎರಡನೇ ಸಲ ಉಲ್ಟಾ ಹೋದೆ. ಮೊದಲು ಆಂಪನ್ನು ಕವುಚಿ ಹಾಕಿ ಫೋಟೊ ತೆಗೆದೆ, ಆಮೇಲೆ ಸಬ್ ಹುಡುಕಿದೆ. 500 ವ್ಯಾಟ್ ಬೇಕಾದರೆ 2 ಓಮ್ ಆಗಬೇಕು. 4 ಓಮಿನ ಎರಡು ಕಾಯಿಲ್ ಪ್ಯಾರಲಲ್ ಮಾಡಿದರೆ 2 ಓಮ್. ಅದೇ ಸಬ್ಬನ್ನು ಸೀರೀಸ್ ಮಾಡಿದರೆ 8 ಓಮ್, ಆಗ ನನ್ನ ಆಂಪಲ್ಲಿ 150 ವ್ಯಾಟ್ ಆಸುಪಾಸು ಬರುತ್ತದೆ, ದುಡ್ಡು ದಂಡ. ಪಯೋನಿಯರ್, ರಾಕ್‌ಫರ್ಡ್ ಫಾಸ್ಗೇಟ್ ಅಂಥವರ ಮಾಡೆಲ್ ಹೆಸರಲ್ಲೇ ಡಿ2, ಡಿ4 ಅಂತ ಇರುತ್ತದೆ, ಅದು ಕಾಯಿಲಿನ ಓಮ್. ಪೆಟ್ಟಿಗೆಯ ದೊಡ್ಡ ಅಕ್ಷರದ ವ್ಯಾಟನ್ನು ಮರೆತುಬಿಡಿ, ಅದು ಪೀಕ್, ಒಂದು ಕ್ಷಣದ ಲೆಕ್ಕ. ಒಳಗಿನ ಕಾಗದದಲ್ಲಿ ಆರ್‌ಎಂಎಸ್ ಅಂತ ಸಣ್ಣದಾಗಿ ಬರೆದದ್ದನ್ನು ನೋಡಿ. ಈ ಸಲ ಅಂಗಡಿಗೆ ಮೀಟರ್ ಹಿಡ್ಕೊಂಡೇ ಹೋದೆ. ಒಂದೊಂದು ಕಾಯಿಲ್ 3.5 ತೋರಿಸಿತು. 4 ಓಮ್ ಅಂದರೆ ಮೀಟರಲ್ಲಿ ಅಷ್ಟೇ ಬರುವುದು, ಹೆದರಬೇಡಿ. ಹುಡುಗರು ನಗಾಡಿದರು. ನಗಾಡಲಿ.

ಸಬ್ ಕೂರಿಸುವ ಡಬ್ಬಿಯನ್ನೂ ಆಂಪೇ ನಿರ್ಧಾರ ಮಾಡಿತು. ಪೋರ್ಟ್ (ಗಾಳಿ ಆಡುವ ತೂತು) ಇರುವ ಡಬ್ಬಿಗೆ ಗುಮ್ಮು ಜಾಸ್ತಿ, ಆದರೆ ಅದು ಟ್ಯೂನ್ ಆದ ಮಟ್ಟಕ್ಕಿಂತ ಕೆಳಗಿನ ಸ್ವರ ಬಂದಾಗ ಕೋನಿಗೆ ಹಿಡಿತ ಇರುವುದಿಲ್ಲ, ಎದ್ವಾತದ್ವಾ ಕುಣಿಯುತ್ತದೆ. ಅದನ್ನು ತಡೆಯಲಿಕ್ಕೆ ಆಂಪಲ್ಲಿ ಸಬ್‌ಸಾನಿಕ್ ಫಿಲ್ಟರ್ ಬೇಕು, ನನ್ನದರಲ್ಲಿ ಇಲ್ಲ. ಹಾಗಾಗಿ ಮುಚ್ಚಿದ ಡಬ್ಬಿ, ಒಳಗೆ ಸುಮಾರು 30 ಲೀಟರ್. ಜಾಗವೂ ಕಡಿಮೆ ಸಾಕು. ಮೊದಲಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಡಬ್ಬಿ ಒಂದೇ ಮಳೆಗಾಲಕ್ಕೆ ಅಡಿಯಲ್ಲಿ ಬನ್ನಿನ ಹಾಗೆ ಉಬ್ಬಿತ್ತು, ಸ್ಕ್ರೂ ಕೈಯಲ್ಲೇ ಬರುತ್ತಿತ್ತು. ಊರೆಲ್ಲ ಎಂಡಿಎಫ್ ಒಳ್ಳೆಯದು ಅನ್ನುತ್ತದೆ, ಆದರೆ ಜೂನಲ್ಲಿ ನಮ್ಮ ಊರಿನ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ನಮ್ಮ ಬೀದಿಯ ಆಚಾರ್ರ ಹತ್ತಿರ 18 ಎಂಎಂ ಮರೈನ್ ಪ್ಲೈಯಲ್ಲಿ ಮಾಡಿಸಿದೆ, ಒಳಗೂ ವಾರ್ನಿಷ್ ಹೊಡೆಸಿದೆ. ‘ಇದು ಎಂತಕ್ಕೆ, ಕೋಳಿಗೂಡಿಗಾ?’ ಅಂತ ಕೇಳಿದರು. ಮೂರು ವರ್ಷ ಆಯಿತು, ಒಂದು ಮೂಲೆ ಸಡಿಲ ಆಗಿಲ್ಲ. ಮೇಲಿನ ಕಾರ್ಪೆಟಿಗೆ ಮಾತ್ರ ಪ್ರತಿ ಆಗಸ್ಟಲ್ಲಿ ಬೂಷ್ಟು ಹಿಡಿಯುತ್ತದೆ, ಒರೆಸುವುದೇ ಒಂದು ಕೆಲಸ.

ಗೇನ್ ಇಟ್ಟದ್ದು ಬಾವ, ಮೀಟರಲ್ಲಿ. ಸಬ್ಬಿನ ತಂತಿ ಬಿಚ್ಚಿ, ಬಾಸ್ ಬೂಸ್ಟ್ ಎಲ್ಲ ಸೊನ್ನೆ ಮಾಡಿ, ಸ್ಟೀರಿಯೊ ಮುಕ್ಕಾಲು ವಾಲ್ಯೂಮಲ್ಲಿಟ್ಟು 50 ಹರ್ಟ್ಸ್ ಟೋನ್ ಹಾಕಿದರು. ಆಂಪಿನ ಔಟ್‌ಪುಟ್ ಎಸಿ 31 ವೋಲ್ಟ್ ದಾಟುವಲ್ಲಿ ನಿಲ್ಲಿಸಿದರು. 500 ವ್ಯಾಟನ್ನು 2 ಓಮಿಂದ ಗುಣಿಸಿ ವರ್ಗಮೂಲ ತೆಗೆದರೆ 31.6, ಲೆಕ್ಕ ಅಷ್ಟೇ. ಗುಂಡಿ ನಿಂತದ್ದು ಅರ್ಧಕ್ಕಿಂತ ಕೆಳಗೆ. ನಾನು ಹಿಂದೆ ಎಷ್ಟು ತಿರುಗಿಸಿದ್ದೆ ಅಂತ ನೆನೆದು ನಾಚಿಕೆ ಆಯಿತು. ಲೋ ಪಾಸ್ 80 ಹರ್ಟ್ಸಲ್ಲಿ ಉಂಟು, ಹೆಚ್ಚು ಕಡಿಮೆ ಅದಕ್ಕಿಂತ ಕೆಳಗಿನ ಸ್ವರ ಮಾತ್ರ ಸಬ್ಬಿಗೆ ಹೋಗುತ್ತದೆ.

ಅಂದ ಹಾಗೆ, ಯಕ್ಷಗಾನದ ಚೆಂಡೆ ಹಾಕಿ ಸಬ್ ಪರೀಕ್ಷೆ ಮಾಡಬೇಡಿ. ನಾನು ಮಾಡಿದ್ದೆ. ಚೆಂಡೆಯ ಪೆಟ್ಟು ಹೆಚ್ಚಿನದ್ದು ಬರುವುದು ಬಾಗಿಲಿನ ಸ್ಪೀಕರಿಂದ, ಸಬ್ ಸುಮ್ನೆ ಕೂತಿರುತ್ತದೆ. ಪಿಲಿವೇಷದ (ಹುಲಿವೇಷ ಕುಣಿತದ) ರೆಕಾರ್ಡಿಂಗ್ ಹಾಕಿ. ತಾಸೆ ಎದುರಿಂದ ಕೇಳಬೇಕು, ಡೋಲು ಬೆನ್ನಿಗೆ ತಾಗಬೇಕು. ಆದರೂ ಕಿವಿಗೆ ಎರಡೂ ಸೇರಿ ಒಂದೇ ಕಡೆಯಿಂದ ಬಂದ ಹಾಗೆ ಕೇಳಿದರೆ ಹೊಂದಿಕೆ ಸರಿ ಉಂಟು ಅಂತ. ಹಳೇ ಸಬ್ಬಲ್ಲಿ ಡೋಲು ಪೆಟ್ಟಾದ ಮೇಲೂ ಗುಯ್ ಅಂತ ಎಳೆಯುತ್ತಿತ್ತು. ಇದರಲ್ಲಿ ಪೆಟ್ಟು ಬಿತ್ತು, ಮುಗಿಯಿತು.

ಮೂರು ವರ್ಷದಲ್ಲಿ ತೊಂದರೆ ಕೊಟ್ಟದ್ದು ಸಬ್ ಅಲ್ಲ, ತಂತಿ. ಮೊದಲಿನ ಸಪೂರ ಕೇಬಲನ್ನು ಹಾಗೇ ಬಿಟ್ಟಿದ್ದೆ. ಜೋರು ಬಾಸಿಗೆ ಹೆಡ್‌ಲೈಟ್ ಕಣ್ಣು ಮಿಟುಕಿಸುತ್ತಿತ್ತು, ಕೇಬಲ್ ಮುಟ್ಟಿದರೆ ಬಿಸಿ. ಎಳೆಯನ್ನು ಬ್ಲೇಡಲ್ಲಿ ಕೆರೆದರೆ ಒಳಗೆ ಬೆಳ್ಳಗೆ, ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಮಾತ್ರ. 500 ವ್ಯಾಟಿಗೆ ಆಂಪ್ 40ರಿಂದ 45 ಆಂಪಿಯರ್ ಎಳೆಯುತ್ತದೆ, ಅದು ಹೇಗೆ ತಡೆದೀತು? ಪೂರ್ತಿ ತಾಮ್ರದ ದಪ್ಪ ಕೇಬಲ್, 4 ಗೇಜಿನದ್ದು, ಹಾಕಿಸಿದೆ, ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ 60 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಬೇಕು, ಆಂಪ್ ಹತ್ತಿರ ಇಟ್ಟರೆ ನಡುವೆ ತಂತಿ ಕಾರಿನ ಲೋಹಕ್ಕೆ ತಾಗಿದರೆ ಬೆಂಕಿಯೇ.

ಇನ್ನೊಂದು ಅರ್ತಿಂಗ್ ಬೋಲ್ಟ್, ಆಂಪಿನ ನೆಗೆಟಿವ್ ತಂತಿಯನ್ನು ಕಾರಿನ ಲೋಹಕ್ಕೆ ಬಿಗಿಯುವುದು. 2024ರ ಮಳೆಗಾಲದಲ್ಲಿ ಆಂಪ್ ಮತ್ತೆ ಕಟ್ ಆಗಲಿಕ್ಕೆ ಶುರು. ಎದೆ ಧಸಕ್ ಅಂದಿತು. ನೋಡಿದರೆ ಸ್ಪೇರ್ ಟೈರ್ ಪಕ್ಕದ ಬೋಲ್ಟ್ ತುಕ್ಕು ಹಿಡಿದು ಕಿತ್ತಳೆ ಪುಡಿಯಾಗಿದೆ. ಕಡಲಿನ ಗಾಳಿ, ಕೇಳಬೇಕಾ. ಕೆರೆದು ಬಿಳಿ ಲೋಹ ಕಾಣುವ ಹಾಗೆ ಮಾಡಿ, ಹೊಸ ಲಗ್ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದೆ. ಈಗ ಪ್ರತಿ ಮೇ ತಿಂಗಳಲ್ಲಿ ಒಮ್ಮೆ ನೋಡುತ್ತೇನೆ.

ಒಟ್ಟು ಖರ್ಚು ಸಬ್ಬಿಗೆ 9,500, ಡಬ್ಬಿಗೆ 3,000, ಕೇಬಲ್ ಫ್ಯೂಸ್ 2,400. ಮೊದಲೇ ಆಂಪಿನ ಅಡಿ ಓದಿದ್ದರೆ ಹಿಂದಿನ ಸಬ್ಬಿನ 7,000 ಉಳಿಯುತ್ತಿತ್ತು.

ಅಮ್ಮನ ದೂರು ಮಾತ್ರ ಹಾಗೇ ಉಂಟು. ಕಾರ್ಕಳದ ಅಜ್ಜಿ ಮನೆಯಿಂದ ಬರುವಾಗ ಹಲಸಿನಹಣ್ಣು ಎಲ್ಲಿ ಇಡುವುದು ಅಂತ. ಅದಕ್ಕೆ ಡಬ್ಬಿಗೆ ಎಳೆದರೆ ಬರುವ ಪ್ಲಗ್ ಹಾಕಿಸಿದೆ. ಎರಡು ಬೋಲ್ಟ್, ಒಂದು ಪ್ಲಗ್, ಐದು ನಿಮಿಷದಲ್ಲಿ ಡಬ್ಬಿ ಹೊರಗೆ. ಮೇ ತಿಂಗಳಿಡೀ ಅದು ನಮ್ಮ ಜಗಲಿಯಲ್ಲಿ, ಮೇಲೆ ಅಮ್ಮ ಹಪ್ಪಳ ಒಣಗಿಸುತ್ತಾರೆ.